ಸ್ವಂತ ಪಾಲು

ನಾನು ಪತ್ರ ಬರಹಗಾರ. ಪತ್ರ ಎಂದರೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಅಡಮಾನಪತ್ರ. ಇಪ್ಪತ್ತೆರಡು ವರ್ಷದಿಂದ ಇವೇ ನನ್ನ ಸಾಹಿತ್ಯ. ಮೊದಮೊದಲು ಕನ್ನಡ ಟೈಪ್‌ರೈಟರ್ ಕುಟ್ಟಿದೆ, ಈಗ ಕಂಪ್ಯೂಟರ್ ಮುಂದೆ ಕೂತು ಹಳೆಯ ಪತ್ರದಲ್ಲಿ ಹೊಸ ಹೆಸರು ತುಂಬುತ್ತೇನೆ. ನ್ಯಾಮತಿ, ಸುರಹೊನ್ನೆ, ಬೆಳಗುತ್ತಿ, ಸವಳಂಗ ಕಡೆಯ ನೂರಾರು ಮನೆಗಳ ಚೆಕ್ಕುಬಂದಿ ನನ್ನ ಕೈಯಿಂದ ಇಳಿದದ್ದು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ಜಾಗ, ಉತ್ತರಕ್ಕೆ ಸರ್ಕಾರಿ ರಸ್ತೆ, ದಕ್ಷಿಣಕ್ಕೆ ಓಣಿ. ಈ ನಾಲ್ಕು ದಿಕ್ಕಿನ ಮಧ್ಯೆ ಇರುವ ಮನೆ ಮಾತ್ರ ಯಾವತ್ತೂ ನನ್ನದಾಗಿರಲಿಲ್ಲ. ಕಳೆದ ವರ್ಷದವರೆಗೆ ನಾನು ಬಾಡಿಗೆ ಮನೆಯವನು.

ನಮ್ಮ ಭಾಷೆಯಲ್ಲಿ ಹೆಂಡತಿಗೆ ‘ಮನೆಯವರು’ ಅನ್ನುತ್ತಾರಲ್ಲ, ಅದೊಂದು ದೊಡ್ಡ ಉಪಕಾರ. ಮನೆ ಇಲ್ಲದವನಿಗೂ ಮನೆಯವರು ಇರುತ್ತಾರೆ. ನಮ್ಮ ಮನೆಯವರು ಹೊಲಿಗೆ ಮಿಷನ್ ಹೊತ್ತುಕೊಂಡು ನನ್ನ ಜೊತೆ ನಾಲ್ಕು ಮನೆ ಬದಲಿಸಿದರು. ಮೊದಲನೆಯ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು. ಎರಡನೆಯದರಲ್ಲಿ ರಾತ್ರಿ ಒಂಬತ್ತರ ಮೇಲೆ ಮಿಷನ್ ತುಳಿಯಬಾರದು. ಮೂರನೆಯದರ ಮಾಲೀಕರು ದೇವರಂಥವರು, ಆದರೆ ಅವರ ಮಗನಿಗೆ ಮದುವೆ ನಿಶ್ಚಯವಾಯಿತು. ನಾಲ್ಕನೆಯದರಲ್ಲಿ ಎಂಟು ವರ್ಷ ಇದ್ದೆವು. ಒಂದು ಭಾನುವಾರ ಮಾಲೀಕರು ತಾವಾಗಿಯೇ ಚಹಾ ಕುಡಿಯಲು ಬಂದು ಕೂತರು. ಬಾಡಿಗೆ ಮನೆಯವನಿಗೆ ಇದಕ್ಕಿಂತ ಕೆಟ್ಟ ಶಕುನ ಇಲ್ಲ.

“ಏನಿಲ್ಲ, ಮನೆ ಬಿಚ್ಚಿಸಿ ಮೇಲೆ ಆರ್‌ಸಿಸಿ ಹಾಕಿಸೋಣ ಅಂತ. ನಿಮಗೇನು ಬಿಡಿ, ದಿನಾ ಮನೆ ಪತ್ರ ಬರೆಯೋರು. ಒಂದು ಹಿಡೀರಿ,” ಅಂದರು.

ಊರಿನವರೆಲ್ಲರ ನಂಬಿಕೆ ಇದೇ. ಪತ್ರ ಬರೆಯುವವನಿಗೆ ಎಲ್ಲಿ ಸೋವಿಗೆ ಸಿಗುತ್ತದೆ, ಯಾರಿಗೆ ದುಡ್ಡಿನ ಅಡಚಣೆ, ಯಾವ ಅಣ್ಣತಮ್ಮಂದಿರು ಪಾಲಿಗೆ ಬಿದ್ದಿದ್ದಾರೆ, ಎಲ್ಲ ಗೊತ್ತು ಎಂದು. ಗೊತ್ತಿರುವುದೇನೋ ನಿಜ. ಹಲ್ವಾಯಿ ಅಂಗಡಿಯ ಎದುರಿಗೆ ನಿಂತ ಹುಡುಗನಿಗೂ ಜಹಾಂಗೀರಿನ ರೇಟು ಗೊತ್ತಿರುತ್ತದೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಮನೆ ಕೊಂಡು ನೋಡು’ ಅಂದಿಲ್ಲ. ಕಟ್ಟುವುದು ಪುರುಷಾರ್ಥ, ಕೊಳ್ಳುವುದು ಯಾರೋ ಸೋತ ಮೇಲೆ ಮಾಡುವ ಕೆಲಸ ಅನ್ನುವ ಭಾವನೆ ನಮ್ಮ ಕಡೆ ಈಗಲೂ ಇದೆ. ನಮ್ಮಲ್ಲಿ ಸೈಟು ಕೊಳ್ಳುತ್ತಾರೆ, ಆಮೇಲೆ ಐದೋ ಹತ್ತೋ ವರ್ಷ ಅದರ ಮೇಲೆ ಮನೆ ಬೆಳೆಸುತ್ತಾರೆ. ಒಂದು ವರ್ಷ ಪಾಯ, ಮೆಕ್ಕೆಜೋಳಕ್ಕೆ ಒಳ್ಳೆ ರೇಟು ಬಂದ ವರ್ಷ ಗೋಡೆ, ಮಳೆ ಕೈಕೊಟ್ಟ ವರ್ಷ ಏನೂ ಇಲ್ಲ. ಲಿಂಟಲ್ ಮಟ್ಟದಲ್ಲಿ ನಿಂತ ಗೋಡೆಯೊಳಗೆ ಔಡಲ ಗಿಡ ಬೆಳೆದು, ಕಬ್ಬಿಣದ ಸರಳುಗಳು ಆಕಾಶಕ್ಕೆ ಕೈ ಚಾಚಿ ನಿಂತಿರುವ ಮನೆಗಳನ್ನು ನೋಡಿದರೆ ಆ ರೈತನ ಬೆಳೆ ಚರಿತ್ರೆ ಓದಬಹುದು. ಸೈಟು ಕೊಂಡು ಕಟ್ಟುವ ಆಯುಷ್ಯ ನನಗೆ ಉಳಿದಿರಲಿಲ್ಲ. ಹಳೆ ಕೇರಿಯಲ್ಲಿ ಯಾರದಾದರೂ ಪಾಲಿನ ಮನೆ, ಎರಡಂಕಣವೋ ಮೂರಂಕಣವೋ, ಸಿಕ್ಕರೆ ಸಾಕು ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ಇಲ್ಲಿ ನಮ್ಮ ಊರು ನ್ಯಾಮತಿಯ ಬಗ್ಗೆ ಒಂದು ಮಾತು. 1997ರ ಆಗಸ್ಟ್ 15ರವರೆಗೆ ನಾವು ಶಿವಮೊಗ್ಗ ಜಿಲ್ಲೆಯವರು. ಅಂದು ಪಕ್ಕದ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿ ಎರಡೂ ಅದಕ್ಕೆ ಸೇರಿದವು. ಚಿತ್ರದುರ್ಗದ ಕಡೆಯಿಂದ ಜಗಳೂರೂ ಬಂತು. ಆಗ ನಾವು ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಆಮೇಲೆ ನ್ಯಾಮತಿಯೇ ತಾಲ್ಲೂಕಾಯಿತು. ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂತು. ಮನೆ ಇದ್ದವರು ಕೂತಲ್ಲೇ ಕೂತು ಮೂರು ವಿಳಾಸ ಕಂಡರು. ಹಳೆಯ ಪತ್ರಗಳಲ್ಲಿ ಒಂದೇ ಮನೆಗೆ ಮೂರು ಒಕ್ಕಣೆ ಇವೆ. ಬಾಡಿಗೆಯವರದು ಇದಕ್ಕೆ ತಿರುಗುಮುರುಗು: ಊರು ಅಲ್ಲೇ ಇರುತ್ತದೆ, ನಾವು ಓಡಾಡುತ್ತೇವೆ. ತಾಲ್ಲೂಕು ಕಚೇರಿ ಬಂದ ಕೂಡಲೇ ಸೈಟಿನವರ ಮೀಸೆ ಒಂದು ಸುತ್ತು ಹೆಚ್ಚಿಗೆ ತಿರುಗಿತು. ತಹಶೀಲ್ದಾರರು ಬಂದದ್ದು ಜನರಿಗೆ ಅನುಕೂಲವಾಗಲಿ ಅಂತ; ಬಾಡಿಗೆ ಏರಿದ್ದು ಯಾರ ಅನುಕೂಲಕ್ಕೋ.

ಸರಿ, ಬ್ಯಾಂಕಿಗೆ ಹೋದೆ. ಬ್ಯಾಂಕಿನ ಹೆಸರು ಬೇಡ, ಎಲ್ಲ ಬ್ಯಾಂಕಿನಲ್ಲೂ ಅದೇ ಕುರ್ಚಿ, ಅದೇ ಫ್ಯಾನು, ಅದೇ ಪ್ರಶ್ನೆ.

“ನಿಮ್ಮ ಮಾರ್ಜಿನ್ ಮನಿ ಎಷ್ಟಿದೆ ಸಾರ್?”

ಮಾರ್ಜಿನ್ ಅಂದರೆ ನನಗೆ ಗೊತ್ತಿರುವುದು ಕಾಗದದ ಎಡಗಡೆ ಬಿಡುವ ಜಾಗ. ಅದನ್ನು ನಾನು ಯಾವತ್ತೂ ಧಾರಾಳವಾಗಿಯೇ ಬಿಟ್ಟಿದ್ದೇನೆ. ಮ್ಯಾನೇಜರ್ ಹುಡುಗ, ಆಂಧ್ರದ ಕಡೆಯವರು, ತಾಳ್ಮೆಯಿಂದ ವಿವರಿಸಿದರು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲ 30 ಲಕ್ಷದೊಳಗಿದ್ದರೆ ಮನೆಯ ಬೆಲೆಯ ನೂರಕ್ಕೆ 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದವರೆಗೆ 80. ಅದರ ಮೇಲೆ 75. ಉಳಿದದ್ದು ಅರ್ಜಿದಾರರ ‘ಸ್ವಂತ ಪಾಲು’. ಬಡವನಿಗೆ ಹತ್ತು, ಶ್ರೀಮಂತನಿಗೆ ಇಪ್ಪತ್ತೈದು. ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಎಂದರೆ ಇಪ್ಪತ್ತೈದು ಇದ್ದವನಿಗೆ ಅದು ಬ್ಯಾಂಕಿನಲ್ಲೇ ಇರುತ್ತದೆ; ಹತ್ತು ಬೇಕಾದವನಿಗೆ ಎಲ್ಲೂ ಇರುವುದಿಲ್ಲ.

ಹತ್ತು ಅನ್ನುವುದೂ ಬರೀ ಬಾಯಿಮಾತು. ಬ್ಯಾಂಕು ಬೆಲೆ ಎಂದು ಕರೆಯುವುದು ಎರಡರಲ್ಲಿ ಕಡಿಮೆ ಯಾವುದೋ ಅದನ್ನು: ಪತ್ರದ ಬೆಲೆ, ಇಲ್ಲವೇ ಅವರ ಎಂಜಿನಿಯರ್ ಬಂದು ಗೋಡೆ ತಟ್ಟಿ ಹೇಳಿದ ಬೆಲೆ. ನಮ್ಮ ಸೀಮೆಯಲ್ಲಿ ಮಾತಿನ ಬೆಲೆ ಬೇರೆ, ಪತ್ರದ ಬೆಲೆ ಬೇರೆ ಎಂಬುದು ಮೊನ್ನೆ ಹುಟ್ಟಿದ ಕೂಸಿಗೂ ಗೊತ್ತು. ಸರ್ಕಾರದ ಮಾರ್ಗಸೂಚಿ ಬೆಲೆಗೆ ಒಂದಿಷ್ಟು ಸೇರಿಸಿ ಪತ್ರ, ಮಿಕ್ಕಿದ್ದು ಟವೆಲ್ಲಿನಲ್ಲಿ. ಮಾತು 24 ಲಕ್ಷಕ್ಕೆ ಆಗಿ ಪತ್ರ 15ಕ್ಕೆ ಆದರೆ, ಬ್ಯಾಂಕು 15ರ ಮೇಲೆ 90 ಹಾಕಿ ಹದಿಮೂರೂವರೆ ಕೊಡುತ್ತದೆ. ಉಳಿದ ಹತ್ತೂವರೆ ಲಕ್ಷ ಯಾರು ಕೊಡಬೇಕು? ಹತ್ತು ಪರ್ಸೆಂಟ್ ಅಂತ ಹೊರಟವನು ನಲವತ್ತಕ್ಕೂ ಮೇಲೆ ಹೋಗಿ ನಿಲ್ಲುತ್ತಾನೆ. ಸ್ಟ್ಯಾಂಪ್ ಡ್ಯೂಟಿ ಉಳಿಸಲು ಮಾಡಿದ ಜಾಣತನ ಸಾಲ ಕೇಳುವಾಗ ಎದುರಿಗೆ ಬಂದು ಕೂರುತ್ತದೆ. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಅವರು ‘ಹೌದ್ರಿ, ನಿಜ’ ಅಂದು ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೋಗಿದ್ದಾರೆ.

ನನ್ನ ಅದೃಷ್ಟಕ್ಕೆ ನನಗೆ ಸಿಕ್ಕ ಮನೆಯ ಯಜಮಾನರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದರು. ಅಪ್ಪನ ಪಾಲಿನ ಮೂರಂಕಣದ ಹೆಂಚಿನ ಮನೆ, ಮಣ್ಣಿನ ಗೋಡೆ, ಹಿತ್ತಲಲ್ಲಿ ಒಂದು ಕರಿಬೇವು. “ನನಗೆ ಎಲ್ಲ ಬ್ಯಾಂಕಿನಲ್ಲೇ ಬೇಕು, ತೆರಿಗೆಗೆ ಲೆಕ್ಕ ತೋರಿಸಬೇಕು,” ಅಂದರು. ಮಾತು 10 ಲಕ್ಷ, ಪತ್ರವೂ 10 ಲಕ್ಷ. ಎಷ್ಟೋ ವರ್ಷದ ಮೇಲೆ ಒಂದು ನಿಜವಾದ ಸಂಖ್ಯೆ ಬರೆಯುವ ಅವಕಾಶ ಬಂತೆಂದು ನನಗೆ ಖುಷಿಯಾಯಿತು. ಎಂಜಿನಿಯರ್ ಬಂದರು. ಮಣ್ಣಿನ ಗೋಡೆಗೆ ಕೀಲಿಕೈ ತಾಗಿಸಿದರು, ಸ್ವಲ್ಪ ಉದುರಿತು. 8 ಲಕ್ಷ ಬರೆದುಕೊಂಡು ಹೋದರು. ಬ್ಯಾಂಕು 7 ಲಕ್ಷ 20 ಸಾವಿರ ಮಂಜೂರು ಮಾಡಿತು.

ಸಾಲದ ಲೆಕ್ಕ ಬಹಳ ಹೇಳುವುದಿಲ್ಲ. ಎಂಟೂವರೆ ಬಡ್ಡಿಗೆ 15 ವರ್ಷದ ಅವಧಿಗೆ ಲಕ್ಷಕ್ಕೆ ತಿಂಗಳಿಗೆ 985 ರೂಪಾಯಿ ಕಂತು ಬರುತ್ತದೆ, ಅಂದರೆ ತಂದ ಒಂದು ಲಕ್ಷಕ್ಕೆ ಕೊನೆಗೆ ಕಟ್ಟುವುದು ಸುಮಾರು ಒಂದು ಮುಕ್ಕಾಲು. ಸರ್ವಜ್ಞ ಸಾಲದ ಬಗ್ಗೆ ಏನು ಹೇಳಿದ ಎಂಬುದು ಎಲ್ಲರಿಗೂ ಬಾಯಿಪಾಠ ಇರುವುದರಿಂದ ಇಲ್ಲಿ ಎತ್ತುವುದಿಲ್ಲ. ಅವನೂ ಮನೆ ಕಟ್ಟಿದವನಲ್ಲ.

ಕಂತಿಗೆ ನಾನು ಹೆದರಲಿಲ್ಲ. ಬಾಡಿಗೆ ಕಟ್ಟಿದ ಕೈಗೆ ಕಂತು ಹೊಸದಲ್ಲ. ನಿದ್ದೆ ಕೆಡಿಸಿದ್ದು ಉಳಿದ 2 ಲಕ್ಷ 80 ಸಾವಿರ. ಅದರ ಜೊತೆಗೆ ನೋಂದಣಿ ಖರ್ಚು. ಪಾಸ್‌ಬುಕ್ಕಿನಲ್ಲಿ 11 ಸಾವಿರ ಇತ್ತು, ಅದರಲ್ಲಿ ಮಗಳ ಕಾಲೇಜಿನ ಫೀಸೂ ಸೇರಿತ್ತು.

ಆ ವಾರದಿಂದ ನನ್ನ ಕಣ್ಣು ಊರನ್ನು ಬೇರೆ ರೀತಿ ನೋಡತೊಡಗಿತು. ಮನೆ ಕೊಂಡವರ ಪತ್ರ ನಾನೇ ಬರೆದಿದ್ದೆ, ಆದರೆ ಅವರು ಆ ಮೊದಲ ದುಡ್ಡು ಎಲ್ಲಿಂದ ತಂದರು ಎಂದು ಕೇಳಿರಲಿಲ್ಲ. ಪತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ‘ಸದರಿ ಹಣವನ್ನು ನಾವು ಈ ದಿನ ಸಾಕ್ಷಿಗಳ ಸಮಕ್ಷಮ ಪೂರ್ಣವಾಗಿ ಪಡೆದಿರುತ್ತೇವೆ’ ಅಂದರೆ ಮುಗಿಯಿತು. ಪಡೆದವನಿಗೆ ವಾಕ್ಯ ಇದೆ, ತಂದವನಿಗೆ ಇಲ್ಲ. ಈಗ ಒಬ್ಬೊಬ್ಬರನ್ನೇ ಚಹಾದಂಗಡಿಯಲ್ಲಿ ಹಿಡಿದು ಕೇಳಿದೆ. ಒಬ್ಬನಾದರೂ ‘ಕೂಡಿಟ್ಟಿದ್ದೆ’ ಅನ್ನಲಿಲ್ಲ.

ಅಡಿಕೆಯವರದು ಒಂದು ದಾರಿ. ಚನ್ನಗಿರಿಯ ಕಡೆಯವರಿಗೆ ಭದ್ರಾ ನಾಲೆ ಇದೆ, ತುಮ್ಕೋಸ್ ಎಂಬ ಅಡಿಕೆ ಸಹಕಾರ ಸಂಘ ಇದೆ, ರಾಶಿ ಅಡಿಕೆ ಕ್ವಿಂಟಾಲಿಗೆ 50 ಸಾವಿರ ದಾಟಿದ ವರ್ಷಗಳಲ್ಲಿ ಮನೆಗಳಿಗೆ ಎರಡನೇ ಮಹಡಿ ತಾನಾಗಿಯೇ ಬಂತು. ತೋಟ ಇದ್ದವನಿಗೆ ಮಂಡಿ ಸಾಹುಕಾರರು ಕೊನೆ ಕೊಯ್ಯುವ ಮುಂಚೆಯೇ ಮುಂಗಡ ಕೊಡುತ್ತಾರೆ. ಬ್ಯಾಂಕಿನವರು ಮೂರು ವರ್ಷದ ಐಟಿ ರಿಟರ್ನ್ಸ್ ಕೇಳುವಲ್ಲಿ ಸಾಹುಕಾರರು ಮರದ ಗೊನೆ ಎಣಿಸುತ್ತಾರೆ. ನನ್ನ ಬಳಿ ಕರಿಬೇವಿನ ಗಿಡ, ಅದೂ ಇನ್ನೂ ಬೇರೆಯವರದು.

ತಾಂಡಾದವರದು ಇನ್ನೊಂದು. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ನಮ್ಮ ತಾಲ್ಲೂಕಿನಲ್ಲೇ ಇದೆ. ಸುತ್ತಲಿನ ತಾಂಡಾಗಳಿಂದ ಹಂಗಾಮಿಗೆ ಕಾಫಿ ಸೀಮೆಗೆ ಹೋಗುವವರು ಮೇಸ್ತ್ರಿಯಿಂದ ಮುಂಗಡ ತಂದು ಮನೆಗೆ ಹೆಂಚು ಹೊದಿಸುತ್ತಾರೆ; ಆಮೇಲೆ ಆ ಹೆಂಚಿನ ಕೆಳಗೆ ಮಲಗಲು ಅವರೇ ಇರುವುದಿಲ್ಲ, ಕಾಫಿ ತೋಟದ ಲೈನ್ ಮನೆಯಲ್ಲಿ ಇರುತ್ತಾರೆ. ಬ್ಯಾಂಕು ಅವರಿಗೆ ಬಹುಕಾಲ ಬಾಗಿಲೇ ತೆಗೆದಿರಲಿಲ್ಲ, ಏಕೆಂದರೆ ತಾಂಡಾದ ಜಾಗಕ್ಕೆ ದಾಖಲೆಯೇ ಇರಲಿಲ್ಲ. 2017ರಲ್ಲಿ ಭೂಕಂದಾಯ ಕಾನೂನಿಗೆ ತಿದ್ದುಪಡಿಯಾಗಿ ತಾಂಡಾಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಶುರುವಾದ ಮೇಲೆ ಹಕ್ಕುಪತ್ರ ಎಂಬ ಕಾಗದ ಬಂತು. ಅಜ್ಜನ ಕಾಲದಿಂದ ಇದ್ದ ಮನೆ ‘ನಿನ್ನದು’ ಎಂದು ಸರ್ಕಾರ ಹೇಳಲು ಅಷ್ಟು ಹೊತ್ತು ಹಿಡಿಯಿತು.

ಸರ್ಕಾರಿ ಮನೆಗಾದರೂ ಸ್ವಂತ ಪಾಲು ಬೇಡ ಅಂದುಕೊಂಡಿದ್ದೆ. ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ ಅಂತ ಬೋರ್ಡು ಬರೆಸಿಕೊಂಡ ಮನೆಗಳು ಪ್ರತಿ ಹಳ್ಳಿಯಲ್ಲೂ ಇವೆ. ಮನೆಗೆ ಬಣ್ಣ ಇಲ್ಲದಿದ್ದರೂ ಬೋರ್ಡಿಗೆ ಇರುತ್ತದೆ. ಸಾಮಾನ್ಯ ವರ್ಗಕ್ಕೆ 1 ಲಕ್ಷ 20 ಸಾವಿರ, ಕಂತಿನಲ್ಲಿ: ಪಾಯ, ಲಿಂಟಲ್, ಛಾವಣಿ, ಪೂರ್ಣ. ಒಂದೊಂದು ಹಂತಕ್ಕೂ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಫೋಟೋ ಹೊಡೆಯಬೇಕು. ಗುಟ್ಟು ಇರುವುದು ಮೊದಲ ಫೋಟೋದಲ್ಲಿ. ಪಾಯ ತೋಡಿ, ಕಲ್ಲು ತುಂಬಿಸಿ, ಅದರ ಪಕ್ಕ ಫಲಾನುಭವಿ ನಿಂತ ಮೇಲೆಯೇ ಮೊದಲ ಕಂತು. ಆ ಕಲ್ಲಿಗೆ ದುಡ್ಡು? ಅದು ಸ್ತ್ರೀಶಕ್ತಿ ಸಂಘದ ಸಾಲ. ಬಡವರಲ್ಲಿ ಬಡವನಿಗೂ ಮನೆಯ ಮೊದಲ ಕಲ್ಲು ಸಾಲದ್ದೇ.

ನಮ್ಮ ಹಳೆಯ ಪದ್ಧತಿ ಭೋಗ್ಯವನ್ನೂ ಯೋಚಿಸಿದೆ. ಎರಡೋ ಮೂರೋ ಲಕ್ಷ ಒಟ್ಟಿಗೆ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲದೆ ಇರಬಹುದು, ಬಿಡುವಾಗ ದುಡ್ಡು ವಾಪಸ್. ದಕ್ಷಿಣ ಕೊರಿಯಾದಲ್ಲೂ ಇದೇ ಪದ್ಧತಿ ಇದೆಯಂತೆ, ಜಿಯೋನ್ಸೆ ಅಂತ ಹೆಸರು. ಅಲ್ಲಿ ಅದು ಮನೆಯ ಬೆಲೆಯ ಅರ್ಧಕ್ಕೂ ಮೀರುವುದುಂಟಂತೆ. ಕೊರಿಯಾದ ಪತ್ರ ಬರಹಗಾರ ಅದನ್ನು ಹೇಗೆ ಒಕ್ಕಣಿಸುತ್ತಾನೋ ನೋಡುವ ಆಸೆ ನನಗೆ. ಆದರೆ ಬಾಡಿಗೆ ಕಟ್ಟಲಾರದವನಿಗೆ ಲಕ್ಷ ಕೊಟ್ಟರೆ ಬಾಡಿಗೆ ಬೇಡ ಎನ್ನುವುದು, ಹಸಿದವನಿಗೆ ಊಟದ ಮೇಲೆ ಬಾಳೆಹಣ್ಣು ಪುಕ್ಕಟೆ ಅಂದ ಹಾಗೆ.

ಉಳಿದದ್ದು ಚಿನ್ನ.

ಚಿನ್ನದ ವಿಷಯ ಬಂದರೆ ನ್ಯಾಮತಿಯವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಕಾರಣ ಎಲ್ಲರಿಗೂ ಗೊತ್ತು. 2024ರ ಅಕ್ಟೋಬರ್ ಕೊನೆಯಲ್ಲಿ, ದೀಪಾವಳಿಗೆ ಮೂರು ದಿನ ಇರುವಾಗ, ನಮ್ಮ ಊರಿನ ಒಂದು ಬ್ಯಾಂಕು ಸೋಮವಾರ ಬಾಗಿಲು ತೆಗೆದರೆ ಕಿಟಕಿಯ ಸರಳು ಕತ್ತರಿಸಿತ್ತು, ಲಾಕರಿಗೆ ಗ್ಯಾಸ್ ಕಟ್ಟರ್ ಬಿದ್ದಿತ್ತು, ನೆಲದ ತುಂಬ ಖಾರದ ಪುಡಿ. ಜನ ಅಡವಿಟ್ಟ 17 ಕಿಲೋ ಮೀರಿದ ಚಿನ್ನ, ಸುಮಾರು 13 ಕೋಟಿಯದು, ಇರಲಿಲ್ಲ. ಆ ದೀಪಾವಳಿಯಲ್ಲಿ ಊರಿನ ಹೆಂಗಸರು ಲಕ್ಷ್ಮೀಪೂಜೆ ಹೇಗೆ ಮಾಡಿದರೋ. ಐದು ತಿಂಗಳಾದ ಮೇಲೆ, 2025ರ ಯುಗಾದಿಯ ಹೊತ್ತಿಗೆ, ಪೊಲೀಸರು ಅದನ್ನು ತಮಿಳುನಾಡಿನ ಮದುರೈ ಕಡೆಯ ಒಂದು ಬಾವಿಯಿಂದ ಎತ್ತಿ ತಂದರು. ಮುಖ್ಯ ಆರೋಪಿ ನಮ್ಮೂರಲ್ಲೇ ಸ್ವೀಟ್ ಅಂಗಡಿ ಇಟ್ಟುಕೊಂಡಿದ್ದವನು. ಪೊಲೀಸರು ಹೇಳಿದ ಪ್ರಕಾರ ಆತ 15 ಲಕ್ಷದ ಸಾಲಕ್ಕೆ ಅರ್ಜಿ ಹಾಕಿ, ಅದು ತಿರಸ್ಕಾರವಾಗಿ, ಆ ಸಿಟ್ಟೂ ಸೇರಿ ಈ ಕೆಲಸಕ್ಕೆ ಇಳಿದದ್ದು. ಚಹಾದಂಗಡಿಯಲ್ಲಿ ಒಬ್ಬರು ಹೇಳಿದರು: “ಅರ್ಜಿ ಪಾಸ್ ಮಾಡಿದ್ರೆ 15 ಲಕ್ಷದಲ್ಲಿ ಹೋಗ್ತಿತ್ತು ನೋಡ್ರಿ.” ನಗಬೇಕೋ ಬೇಡವೋ ಗೊತ್ತಾಗದೆ ಎಲ್ಲರೂ ಚಹಾ ಕುಡಿದೆವು.

ಆ ಸುದ್ದಿಯಿಂದ ನನಗೆ ತಿಳಿದ ವಿಷಯ ಬೇರೆ. ಒಂದು ಸಣ್ಣ ಊರಿನ ಒಂದು ಶಾಖೆಯಲ್ಲಿ 17 ಕಿಲೋ! ಅಷ್ಟು ಚಿನ್ನ ಯಾವ ಜಮೀನ್ದಾರರದೂ ಅಲ್ಲ. ಎರಡೆಳೆ ಸರ, ಒಂದು ಜೊತೆ ಬಳೆ, ಮಗುವಿನ ಉಂಗುರ, ಬೋರುಮಾಳೆ. ಬಿತ್ತನೆಗೆ, ಬೋರ್‌ವೆಲ್ಲಿಗೆ, ಆಸ್ಪತ್ರೆಗೆ, ಮನೆಯ ಪಾಯಕ್ಕೆ ಕೊರಳಿನಿಂದ ಇಳಿದು ಬಂದವು. ನಮ್ಮ ತಾಲ್ಲೂಕಿನ ಆರ್ಥಿಕತೆ ಅಂತ ಯಾರಾದರೂ ಪುಸ್ತಕ ಬರೆದರೆ ಅದರ ರಕ್ಷಾಪುಟಕ್ಕೆ ಮೆಕ್ಕೆಜೋಳದ ತೆನೆ ಹಾಕುತ್ತಾರೆ. ಬರಿಗೊರಳಿನ ಚಿತ್ರ ಹಾಕಿದರೆ ಸರಿ.

ನಮ್ಮ ಮನೆಯವರ ಎರಡೆಳೆ ಸರ 24 ಗ್ರಾಮಿನದು. ಅವರ ಅಪ್ಪ ಮೂರು ವರ್ಷದ ಶುಂಠಿಯಲ್ಲಿ ಮಾಡಿಸಿದ್ದು. ನಾನು ಬಾಯಿ ಬಿಟ್ಟು ಕೇಳಲಿಲ್ಲ, ಬೀರುವಿನ ಕಡೆ ನೋಡಿದೆ ಅಷ್ಟೇ.

“ರೀ, ಬಾವಿಗೆ ಬೀಳದಂಥ ಬ್ಯಾಂಕು ಯಾವುದೈತೆ ನೋಡ್ರಿ ಮೊದಲು,” ಅಂದರು.

ಚಿನ್ನ ಗ್ರಾಮಿಗೆ 10 ಸಾವಿರ ದಾಟಿದ ಕಾಲ. ಬೆಲೆಯ ಮುಕ್ಕಾಲಿನೊಳಗೆ ಸಾಲ ಅಂದರೂ 1 ಲಕ್ಷ 60 ಸಾವಿರ ಸಿಕ್ಕಿತು. ತಮಾಷೆ ನೋಡಿ: ಮನೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ಸರ ಇಟ್ಟೆ. ಒಂದು ಕೌಂಟರಿನಲ್ಲಿ ಅದು ಸಾಲ ಆಗಿ ನನ್ನ ಕೈಗೆ ಬಂತು, ನಾಲ್ಕು ಹೆಜ್ಜೆ ಆಚೆಗಿನ ಕೌಂಟರಿಗೆ ಹೋಗುವಷ್ಟರಲ್ಲಿ ‘ಅರ್ಜಿದಾರರ ಸ್ವಂತ ಪಾಲು’ ಆಗಿತ್ತು. ಕಾಶಿಗೆ ಹೋದರೂ ಇಷ್ಟು ಬೇಗ ಪಾಪ ಪುಣ್ಯವಾಗುವುದಿಲ್ಲ.

ಆಮೇಲೆ ಭಾವಮೈದುನನ ಕೈಗಡ 80 ಸಾವಿರ. ಕೈಗಡ ಅಂದರೆ ಬಡ್ಡಿ ಇಲ್ಲ, ಪತ್ರ ಇಲ್ಲ, ಅವಧಿ ಇಲ್ಲ. ಪತ್ರ ಬರೆದೇ ಬದುಕಿದ ನನಗೆ ಪತ್ರವಿಲ್ಲದ ಸಾಲವೇ ಹೆಚ್ಚು ಭಾರ. ಬ್ಯಾಂಕಿನ ಕಂತು ತಪ್ಪಿದರೆ ನೋಟಿಸು ಬರುತ್ತದೆ; ಭಾವಮೈದುನನ ಕೈಗಡ ಹಳೆಯದಾದರೆ ಹಬ್ಬಕ್ಕೆ ಕರೆ ಬರುವುದು ನಿಲ್ಲುತ್ತದೆ. ಮನೆಯವರ ಸ್ತ್ರೀಶಕ್ತಿ ಸಂಘದಿಂದ 50 ಸಾವಿರ ಬಂತು. ಅದಕ್ಕೆ ಸಹಿ ಹಾಕಿದವರು ಹತ್ತು ಹದಿನೈದು ಹೆಂಗಸರು. ಅವರಲ್ಲಿ ಅರ್ಧ ಜನ ನಮ್ಮ ಹಾಗೇ ಬಾಡಿಗೆ ಮನೆಯವರು. ಬೇರೆಯವರಿಗೆ ಮನೆಯಾಗಲಿ ಎಂದು ಬಾಡಿಗೆಯವರು ಜಾಮೀನು ನಿಲ್ಲುವುದನ್ನು ಯಾವ ರಿಸರ್ವ್ ಬ್ಯಾಂಕಿನ ಸುತ್ತೋಲೆಯಲ್ಲೂ ನಾನು ಕಂಡಿಲ್ಲ.

ಮತ್ತೆ ಚೀಟಿ. ನಮ್ಮದು ಇಪ್ಪತ್ತು ಜನರ ಚೀಟಿ, ತಿಂಗಳಿಗೆ 5 ಸಾವಿರ, ಒಂದು ಲಕ್ಷದ್ದು. ಸ್ಟೇಷನರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ತಿಂಗಳು ಹತ್ತನೇ ತಾರೀಕು ಸವಾಲು. ಯಾರಿಗೆ ಅಡಚಣೆ ಹೆಚ್ಚೋ ಅವನು ಹೆಚ್ಚು ಬಿಟ್ಟುಕೊಡುತ್ತಾನೆ, ಬಿಟ್ಟ ದುಡ್ಡು ಉಳಿದವರಿಗೆ ಹಂಚಿಕೆ. ಅಂದರೆ ಊರಿನ ಕಷ್ಟ ಎಷ್ಟಿದೆ ಎಂದು ತಿಂಗಳಿಗೊಮ್ಮೆ ಅಳೆಯುವ ಥರ್ಮಾಮೀಟರ್. ನಾನು 30 ಸಾವಿರ ಬಿಟ್ಟು 70 ಸಾವಿರಕ್ಕೆ ಎತ್ತಿದೆ. ಕೋಣೆಯಲ್ಲಿ ಎಲ್ಲರೂ ಒಂದು ಸಲ ನನ್ನ ಮುಖ ನೋಡಿದರು. 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಚೀಟಿ ನಡೆಸುವವನ ಕಮಿಷನ್ನಿಗೂ ಮಿತಿ ಇದೆ, 2019ರಲ್ಲಿ ಅದನ್ನು 5ರಿಂದ 7 ಪರ್ಸೆಂಟಿಗೆ ಏರಿಸಿದರು. ನಮ್ಮ ಸ್ಟೇಷನರಿ ಅಂಗಡಿಯವರಿಗೆ ಆ ಕಾಯ್ದೆಯ ಪರಿಚಯ ಇಲ್ಲ. ಅವರ ಕಮಿಷನ್ ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ. ಅದನ್ನೂ ಅವರೇ ತರಿಸುತ್ತಾರೆ.

ಚೀಟಿಯನ್ನು ಹಳ್ಳಿಯವರ ಕಸರತ್ತು ಎಂದು ನಗುವ ವಿದ್ಯಾವಂತರಿಗೆ ಒಂದು ಕಥೆ ಹೇಳುತ್ತೇನೆ. 1775ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರಿಚರ್ಡ್ ಕೆಟ್ಲಿ ಎಂಬ ಹೆಂಡದಂಗಡಿಯವನಿದ್ದ. ಅವನ ಗೋಲ್ಡನ್ ಕ್ರಾಸ್ ಎಂಬ ಅಂಗಡಿಗೆ ಬರುವ ಗಿರಾಕಿಗಳು ಸೇರಿ ತಿಂಗಳು ತಿಂಗಳು ದುಡ್ಡು ಹಾಕಿ, ಒಟ್ಟಾದ ಹಣದಲ್ಲಿ ಒಬ್ಬೊಬ್ಬರಿಗಾಗಿ ಮನೆ ಕಟ್ಟಿಕೊಳ್ಳುವ ಏರ್ಪಾಡು ಮಾಡಿಕೊಂಡರು. ಅಂಥ ಸಂಘಗಳಲ್ಲಿ ಎಲ್ಲರಿಗೂ ಮನೆಯಾದ ಮೇಲೆ ಲೆಕ್ಕ ಚುಕ್ತಾ, ಸಂಘ ಬರಖಾಸ್ತು. ಜಗತ್ತಿನ ಮೊದಲ ಬಿಲ್ಡಿಂಗ್ ಸೊಸೈಟಿ ಅಂತ ಅದಕ್ಕೆ ಹೆಸರು. ಅಂಥವೇ ಬೆಳೆದು ಆಮೇಲೆ ದೊಡ್ಡ ದೊಡ್ಡ ಗೃಹಸಾಲದ ಸಂಸ್ಥೆಗಳಾದವು. ಮೂಲ ನೋಡಿದರೆ ಹೆಂಡದಂಗಡಿಯ ಚೀಟಿ. ನಮ್ಮದು ಸ್ಟೇಷನರಿ ಅಂಗಡಿ, ಅಷ್ಟರಮಟ್ಟಿಗೆ ನಾವೇ ಮೇಲು.

ಎಲ್ಲ ಕೂಡಿ 3 ಲಕ್ಷ 60 ಸಾವಿರ ಆಯಿತು. 2 ಲಕ್ಷ 80 ಸಾವಿರ ಮನೆಯವರಿಗೆ, ಅಂದರೆ ಮನೆ ಮಾರುವವರಿಗೆ. ನೋಂದಣಿಗೆ: 10 ಲಕ್ಷದ ಮೇಲೆ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, 50 ಸಾವಿರ, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ 6 ಸಾವಿರ, ನೋಂದಣಿ ಶುಲ್ಕ 1 ಪರ್ಸೆಂಟ್, 10 ಸಾವಿರ. ಒಟ್ಟು 66 ಸಾವಿರ ಹೋಗಿ 14 ಸಾವಿರ ಉಳಿಯಬೇಕಿತ್ತು.

ಉಳಿಯಲಿಲ್ಲ. ಅದು 2025ರ ಗಣೇಶನ ಹಬ್ಬದ ವಾರ. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಒಂದರಿಂದ ಎರಡು ಪರ್ಸೆಂಟ್ ಆಗುತ್ತದೆ ಎಂಬ ಸುದ್ದಿ ಬಂತು. ನಾನು ಕಕ್ಷಿದಾರರಿಗೆಲ್ಲ ಫೋನ್ ಮಾಡಿದೆ, “ಬೇಗ ಬರ್ರಿ, ಶುಲ್ಕ ಡಬಲ್ ಆಗ್ತದೆ” ಅಂತ. ಬಂದವರ ಪತ್ರ ಹಗಲುರಾತ್ರಿ ಕೂತು ತಯಾರು ಮಾಡಿದೆ. ನನ್ನ ಮನೆ ಮಾರುವವರಿಗೂ ಫೋನ್ ಮಾಡಿದೆ. ಹಬ್ಬಕ್ಕೆ ಬೆಂಗಳೂರಿನಿಂದ ಬಸ್ಸಿನಲ್ಲಿ ಸೀಟಿಲ್ಲ ಅಂದರು. ಹಬ್ಬ ಮುಗಿದರೆ ಪಿತೃಪಕ್ಷ. ಅವರ ತಾಯಿ, “ಪಕ್ಷದಾಗೆ ಅಪ್ಪನ ಮನಿ ಮಾರಬ್ಯಾಡ” ಅಂದರಂತೆ. ಆ ಮಾತಿಗೆ ನಾನು ಎದುರಾಡಲಿಲ್ಲ. ವಿಜಯದಶಮಿ ಕಳೆದ ಮೇಲೆ ನೋಂದಣಿಯಾಯಿತು. ಊರಿಗೆಲ್ಲ ಶುಲ್ಕ ಉಳಿಸಿಕೊಟ್ಟ ಪತ್ರ ಬರಹಗಾರ 10 ಸಾವಿರ ಹೆಚ್ಚಿಗೆ ಕಟ್ಟಿದ. ಉಳಿದದ್ದು 4 ಸಾವಿರ.

ನನ್ನ ಪತ್ರ ನಾನೇ ಬರೆದೆ. ಹಳೆಯ ಒಕ್ಕಣೆಯ ಆಸೆ ನನಗೆ. ಈಗಿನ ನಮೂನೆಯಲ್ಲಿ ಅದೆಲ್ಲ ಬೇಡ ಅನ್ನುತ್ತಾರೆ, ಆದರೂ ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ಸ್ವಾಮ್ಯಗಳ ಸಹಿತ’ ಎಂದು ಸೇರಿಸಿದೆ. ವಿಜಯನಗರದ ಕಾಲದ ಶಾಸನಗಳಲ್ಲಿ ರಾಜರು ಅಗ್ರಹಾರ ಕೊಡುವಾಗ ಬರೆಸುತ್ತಿದ್ದ ಮಾತುಗಳು. ಮೂರಂಕಣದ ಮಣ್ಣಿನ ಗೋಡೆಗೆ ಅಷ್ಟೆಲ್ಲ ಏಕೆ ಎಂದು ಕೇಳಬಹುದು. ಮೊದಲನೆಯ ‘ನಿಧಿ’ಯಂತೂ ಈಗ ನಡೆಯುವುದೇ ಇಲ್ಲ, ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನನಗೆ ಬೇಕಾಗಿದ್ದದ್ದು ಆರನೆಯದು. ಆಗಾಮಿ, ಅಂದರೆ ಮುಂದೆ ಬರುವ ಆದಾಯ. ಹದಿನೈದು ವರ್ಷದ ಆಗಾಮಿಯನ್ನು ಆಗಲೇ ಬ್ಯಾಂಕಿಗೆ ಬರೆದುಕೊಟ್ಟಾಗಿತ್ತು, ಪತ್ರದಲ್ಲಾದರೂ ಇರಲಿ ಅಂತ.

ಚೆಕ್ಕುಬಂದಿಗೆ ಬಂದಾಗ ಕೈ ನಿಂತಿತು. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಬರೆಯುವುದು ಸುಲಭ. ಅವರಲ್ಲಿ ಒಬ್ಬರೂ ಈ ಮನೆಗೆ ಹತ್ತು ರೂಪಾಯಿ ಹಾಕಿದವರಲ್ಲ. ಹಾಕಿದವರು ಯಾವ ದಿಕ್ಕಿನಲ್ಲೂ ಇಲ್ಲ. ಭಾವಮೈದುನ ಶಿಕಾರಿಪುರದ ಕಡೆ ಇರುತ್ತಾನೆ, ಉಡುತಡಿಯ ಹತ್ತಿರ. ಅಕ್ಕಮಹಾದೇವಿ ಮನೆ ಬಿಟ್ಟು ಹೊರಟ ಊರಿನಿಂದ ನಮ್ಮ ಮನೆಗೆ ದುಡ್ಡು ಬಂತು. ಸಂಘದ ಹೆಂಗಸರು ಐದಾರು ಕೇರಿಯಲ್ಲಿದ್ದಾರೆ. ಚೀಟಿಯ ಹತ್ತೊಂಬತ್ತು ಜನರಲ್ಲಿ ಇಬ್ಬರ ಮನೆಯೇ ನನಗೆ ಗೊತ್ತಿಲ್ಲ. ಇಷ್ಟು ಜನರ ದುಡ್ಡು ಹಾಕಿಸಿಕೊಂಡದ್ದಕ್ಕೆ ‘ಸ್ವಂತ ಪಾಲು’ ಎಂದು ಹೆಸರಿಟ್ಟವನು ಯಾರೋ ದೊಡ್ಡ ಕವಿಯೇ ಇರಬೇಕು. ಲೆಕ್ಕ ಹಾಕಿ ನೋಡಿದೆ: ಆ ಪಾಲಿನಲ್ಲಿ ನಿಜವಾಗಿ ನನ್ನ ಸ್ವಂತದ್ದು ಪತ್ರ ಬರೆದ ಫೀಸು, ಅದು ನನಗೆ ನಾನೇ ಬಿಟ್ಟುಕೊಟ್ಟದ್ದು.

ಕಾರ್ತೀಕದಲ್ಲಿ ಗೃಹಪ್ರವೇಶ ಇಟ್ಟುಕೊಂಡೆವು. ಉಳಿದ 4 ಸಾವಿರದಲ್ಲಿ ಹೆಸರುಬೇಳೆ ಪಾಯಸ, ಚಿತ್ರಾನ್ನ. ಜನ ಬಂದರು, ಮುಯ್ಯಿ ಹಾಕಿದರು. ಮಗಳು ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದಳು: 101, 201, ಒಂದು ಸ್ಟೀಲ್ ಕೊಡ, 500, ಆಯಾರದ ಪಂಚೆ. ರಾತ್ರಿ ಎಲ್ಲರೂ ಹೋದ ಮೇಲೆ ನಾನು ಆ ಪುಸ್ತಕ ತೆಗೆದು ನೋಡಿದರೆ ಅದೂ ಸಾಲದ ಪುಸ್ತಕವೇ. ಇಷ್ಟೂ ಜನರ ಮನೆಗೆ ಇಷ್ಟಿಷ್ಟೇ ವಾಪಸ್ ಹೋಗಬೇಕು. ಕೆಲವರ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದಾರೆ, ಅವಧಿ ಹತ್ತಿರದಲ್ಲೇ ಇದೆ.

ಪಕ್ಕದ ಮನೆಯ ಅಜ್ಜಿ ನಮ್ಮ ಮನೆಯವರ ಕೊರಳು ನೋಡಿ, “ಭಾಳ ಚಲೋ ಐತೆ ತಂಗಿ ಸರ, ಹೊಸಾದಾ?” ಅಂದರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಂದ ಒಂದು ಗ್ರಾಂ ಗೋಲ್ಡ್, 350 ರೂಪಾಯಿ. “ಹೂಂ ಅಜ್ಜಿ, ಮನಿ ಜೊತೀಗೇ ತಗೊಂಡ್ವಿ,” ಅಂದರು ಇವರು.

ಅಡವು ಚೀಟಿಯನ್ನು ಇ-ಖಾತೆಯ ಜೊತೆಗೆ ದೇವರ ಫೋಟೋದ ಹಿಂದೆ ಇಟ್ಟಿದ್ದಾರೆ. ಗೋಡೆಗೆ ನಾನು ಎಂಟು ಮೊಳೆ ಹೊಡೆದೆ. ಐದಕ್ಕೆ ಏನೂ ತೂಗುಹಾಕಿಲ್ಲ.

ಇವತ್ತು ಹತ್ತನೇ ತಾರೀಕು. ಕಂಪ್ಯೂಟರ್ ಕೆಲಸದ ಹುಡುಗ ಒಬ್ಬ, ಹೊಸದಾಗಿ ಮದುವೆಯಾದವನು, ಸುರಹೊನ್ನೆಯ ಕಡೆ ಎರಡಂಕಣದ ಮನೆ ನೋಡಿದ್ದಾನಂತೆ. ಈ ತಿಂಗಳ ಚೀಟಿ ಎಷ್ಟು ಬಿಟ್ಟಾದರೂ ತನಗೇ ಬೇಕು ಅಂತ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದಾನೆ. ನನ್ನ ಕಂತಿನ 5 ಸಾವಿರ ಅಂಗಿ ಜೇಬಿನಲ್ಲಿದೆ. ಸವಾಲು ಆರಕ್ಕೆ. ತಡವಾಗಿ ಹೋದರೆ ಮಂಡಕ್ಕಿ ಮೆತ್ತಗಾಗಿರುತ್ತದೆ.